ಮನೆಯ ನುಡಿ, ಶಾಲೆಯ ನುಡಿ: ಪೋಲಿಷ್ ಮತ್ತು ಹೀಬ್ರೂ

ಆವರ್ತ ಕೋಷ್ಟಕದ 84ನೇ ಮನೆಯಲ್ಲಿರುವ ಧಾತು ಪೊಲೋನಿಯಂ. 1898ರ ಜುಲೈ ತಿಂಗಳಲ್ಲಿ ಕ್ಯೂರಿ ದಂಪತಿ ಇದರ ಶೋಧವನ್ನು ಪ್ಯಾರಿಸ್ಸಿನಲ್ಲಿ ಪ್ರಕಟಿಸಿದಾಗ, ಮೇರಿ ಕ್ಯೂರಿ ಹುಟ್ಟಿದ ನಾಡಾದ ಪೋಲೆಂಡಿನ ಹೆಸರನ್ನೇ ಅದಕ್ಕೆ ಇಟ್ಟರು. ಸ್ವಾರಸ್ಯವೆಂದರೆ, ಆ ಹೊತ್ತಿಗೆ ಪೋಲೆಂಡ್ ಎಂಬ ದೇಶ ಭೂಪಟದಲ್ಲೇ ಇರಲಿಲ್ಲ. ರಷ್ಯಾ, ಪ್ರಷ್ಯಾ ಮತ್ತು ಆಸ್ಟ್ರಿಯಾಗಳು 1795ರ ವೇಳೆಗೆ ಅದನ್ನು ಪೂರ್ತಿಯಾಗಿ ಹಂಚಿಕೊಂಡಿದ್ದವು. ದೇಶ ಇರಲಿಲ್ಲ, ಆದರೆ ಆ ದೇಶದ ಭಾಷೆ ಮನೆಮನೆಯಲ್ಲೂ ಇತ್ತು.

ಅದೇ 1898ರಲ್ಲಿ, ಆಗ ತುರ್ಕರ ಆಳ್ವಿಕೆಯಲ್ಲಿದ್ದ ಪ್ಯಾಲೆಸ್ಟೈನಿನ ರಿಷೊನ್ ಲೆತ್ಸಿಯೊನ್ ಎಂಬ ಪುಟ್ಟ ಊರಿನಲ್ಲಿ ಒಂದು ಶಿಶುವಿಹಾರ ಆರಂಭವಾಯಿತು. ಹೀಬ್ರೂ ಭಾಷೆಯಲ್ಲಿ ನಡೆದ ಮೊಟ್ಟಮೊದಲ ಶಿಶುವಿಹಾರ ಅದು. ಅದಕ್ಕೆ ಮುಂಚೆ ಸುಮಾರು 1700 ವರ್ಷಗಳ ಕಾಲ ಹೀಬ್ರೂ ಯಾರ ಮನೆಯ ಮಾತೂ ಆಗಿರಲಿಲ್ಲ. ಪ್ರಾರ್ಥನೆಯಲ್ಲಿ, ಧರ್ಮಗ್ರಂಥಗಳಲ್ಲಿ, ಪಂಡಿತರ ಪತ್ರಗಳಲ್ಲಿ ಇತ್ತು, ಅಡುಗೆಮನೆಯಲ್ಲಿ ಇರಲಿಲ್ಲ.

ಹೀಗೆ ಒಂದು ಭಾಷೆಗೆ ಮನೆಯಿತ್ತು, ಹಲವು ಕಡೆ ಶಾಲೆಯಿರಲಿಲ್ಲ. ಇನ್ನೊಂದಕ್ಕೆ ಪುಸ್ತಕವಿತ್ತು, ಮನೆಯಿರಲಿಲ್ಲ. ಇಂದು ಎರಡಕ್ಕೂ ಮನೆಯೂ ಇದೆ, ಶಾಲೆಯೂ ಇದೆ, ವಿಶ್ವವಿದ್ಯಾಲಯವೂ ಇದೆ. ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ನೋಡುವ ಮೊದಲು ಎರಡೂ ಭಾಷೆಗಳ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು.

ದೂರದ ನೆಂಟರು

ಕನ್ನಡ ದ್ರಾವಿಡ ಕುಟುಂಬದ ಭಾಷೆ. ಪೋಲಿಷ್ ಇಂಡೋ-ಯುರೋಪಿಯನ್ ಕುಟುಂಬದ ಸ್ಲಾವ್ ಶಾಖೆಗೆ ಸೇರಿದ್ದು. ಹೀಬ್ರೂ ಅರಬ್ಬಿಯ ಹಾಗೆ ಸೆಮಿಟಿಕ್ ಶಾಖೆಯದು. ಹೀಗೆ ಮೂರೂ ಬೇರೆ ಬೇರೆ ಮನೆತನಗಳು. ಆದರೂ ಕನ್ನಡ ಬಲ್ಲವರಿಗೆ ಎರಡರಲ್ಲೂ ಪರಿಚಿತ ಮುಖಗಳು ಸಿಗುತ್ತವೆ.

ಪೋಲಿಷ್ ಸಂಸ್ಕೃತಕ್ಕೆ ದೂರದ ದಾಯಾದಿ. ಅದರಲ್ಲಿ ಬೆಂಕಿಗೆ 'ಒಗ್ಯೆನ್', ಹೊಗೆಗೆ 'ದಿಮ್', ಸಹೋದರನಿಗೆ 'ಬ್ರಾತ್', ವಿಧವೆಗೆ 'ವ್ದೋವಾ' ಎನ್ನುತ್ತಾರೆ. ಅಗ್ನಿ, ಧೂಮ, ಭ್ರಾತೃ, ವಿಧವಾ ಪದಗಳನ್ನು ನೆನೆದರೆ ನಂಟು ತಾನಾಗಿ ತಿಳಿಯುತ್ತದೆ. ಎರಡು 'ದ್ವಾ', ನಾಲ್ಕು 'ಚ್ತೆರಿ': ದ್ವಿ ಮತ್ತು ಚತುರ್.

ಹೀಬ್ರೂವಿನ ಪರಿಚಯ ಬೇರೊಂದು ಬಾಗಿಲಿನಿಂದ ಆಗುತ್ತದೆ. ಲೆಕ್ಕಪತ್ರಕ್ಕೆ ಹಿಂದಿನವರು ಬಳಸುತ್ತಿದ್ದ 'ಹಿಸಾಬು' ಪದ ಅರಬ್ಬಿಯಿಂದ ಬಂದದ್ದು. ಹೀಬ್ರೂವಿನಲ್ಲಿ ಲೆಕ್ಕಕ್ಕೆ 'ಹೆಶ್ಬೊನ್' ಎನ್ನುತ್ತಾರೆ. ಅದೇ ಮೂಲದಿಂದ ಕಟ್ಟಿದ 'ಮಹ್ಶೇವ್' ಎಂದರೆ ಗಣಕಯಂತ್ರ. ಸಲಾಂ ಅಲ್ಲಿ 'ಶಾಲೊಮ್' ಆಗುತ್ತದೆ. ಹಳಗನ್ನಡದ 'ಪಾಲು' ಹೊಸಗನ್ನಡದಲ್ಲಿ 'ಹಾಲು' ಆದಂತೆ, ಅರಬ್ಬಿಯ ಸಕಾರ ಇರುವ ಎಷ್ಟೋ ಕಡೆ ಹೀಬ್ರೂವಿನಲ್ಲಿ ಶಕಾರ ಬರುತ್ತದೆ. ಧ್ವನಿಗಳು ಹೀಗೆ ನಿಯಮಕ್ಕೆ ಕಟ್ಟುಬಿದ್ದು ಬದಲಾಗುವುದರಿಂದಲೇ ಭಾಷೆಗಳ ಸಂಬಂಧವನ್ನು ಪತ್ತೆಮಾಡಲು ಸಾಧ್ಯವಾಗಿದೆ.

ಅಕ್ಷರಗಳ ಬಡತನ, ಅಕ್ಷರಗಳ ಜಾತ್ರೆ

ಪೋಲೆಂಡಿನ ರಾಜ ಒಂದನೇ ಮಿಯೆಷ್ಕೊ 966ರಲ್ಲಿ ರೋಮ್ ಚರ್ಚಿನ ಕ್ರೈಸ್ತಮತವನ್ನು ಸ್ವೀಕರಿಸಿದ. ಅದರೊಂದಿಗೆ ಲ್ಯಾಟಿನ್ ಲಿಪಿ ಬಂದಿತು. ಆದರೆ ಸ್ಲಾವ್ ಧ್ವನಿಗಳಿಗೆ ಲ್ಯಾಟಿನ್ ಅಕ್ಷರಗಳು ಸಾಲಲಿಲ್ಲ. ಶ, ಷ, ಚ, ಝ ಮುಂತಾದವುಗಳಿಗೆ ಎರಡೆರಡು ಅಕ್ಷರ ಜೋಡಿಸಬೇಕಾಯಿತು. ಕೆಲವಕ್ಕೆ ಮೇಲೆ ಚುಕ್ಕಿ, ಗೀಟು, ಕೆಳಗೆ ಬಾಲ ಹಚ್ಚಬೇಕಾಯಿತು. ಇಂದು ಪೋಲಿಷ್ ವರ್ಣಮಾಲೆಯಲ್ಲಿ 32 ಅಕ್ಷರಗಳಿವೆ. ಜೀರುಂಡೆಗೆ ಅಲ್ಲಿರುವ ಹೆಸರು 'ಖ್ಶೊಂಶ್ಚ್'. ಬರೆಯುವುದು ಹೀಗೆ: ಸಿ, ಎಚ್, ಆರ್, ಜಡ್, ಬಾಲವಿರುವ ಎ, ಎಸ್, ಜಡ್, ಸಿ, ಜಡ್. ಒಂಬತ್ತು ಅಕ್ಷರ, ಅದರಲ್ಲಿ ಸ್ವರ ಒಂದೇ! ಆದರೆ ನಿಯಮ ತಿಳಿದ ಮೇಲೆ ಪೋಲಿಷ್ ಓದುವುದು ಇಂಗ್ಲಿಷ್ ಓದುವುದಕ್ಕಿಂತ ಸುಲಭ. ಒಂದು ಬರಹಕ್ಕೆ ಬಹುಪಾಲು ಒಂದೇ ಉಚ್ಚಾರ.

ಹೀಬ್ರೂವಿನದು ಇದಕ್ಕೆ ವಿರುದ್ಧ ದಾರಿ. 22 ಅಕ್ಷರಗಳು, ಎಲ್ಲವೂ ವ್ಯಂಜನಗಳು. ಬರೆಯುವುದು ಬಲದಿಂದ ಎಡಕ್ಕೆ. ಸ್ವರಗಳನ್ನು ಸೂಚಿಸಲು ಅಕ್ಷರಗಳ ಕೆಳಗೆ, ಮೇಲೆ ಇಡುವ ಚುಕ್ಕಿ-ಗೀಟುಗಳ ಪದ್ಧತಿಯನ್ನು ಸುಮಾರು 7ರಿಂದ 10ನೇ ಶತಮಾನದ ನಡುವೆ ವಿದ್ವಾಂಸರು ರೂಪಿಸಿದರು. ಆದರೆ ಅವು ಧರ್ಮಗ್ರಂಥ, ಕವಿತೆ ಮತ್ತು ಮಕ್ಕಳ ಪುಸ್ತಕಗಳಿಗಷ್ಟೇ. ದಿನಪತ್ರಿಕೆಯಲ್ಲಿ ಚುಕ್ಕಿಗಳಿರುವುದಿಲ್ಲ. ಹೀಬ್ರೂವಿನಲ್ಲಿ 'ಪ' ಮತ್ತು 'ಫ'ಗಳಿಗೆ ಒಂದೇ ಅಕ್ಷರ. ಆದ್ದರಿಂದ ಸ-ಪ-ರ ಎಂಬ ಮೂರು ಅಕ್ಷರಗಳನ್ನು 'ಸೆಫೆರ್' ಎಂದು ಓದಿದರೆ ಪುಸ್ತಕ, 'ಸಪಾರ್' ಎಂದರೆ ಕ್ಷೌರಿಕ, 'ಸಫಾರ್' ಎಂದರೆ ಎಣಿಸಿದನು. ಯಾವುದೆಂಬುದನ್ನು ವಾಕ್ಯ ನೋಡಿ ತಿಳಿಯಬೇಕು. ಕನ್ನಡದಲ್ಲಿ ಕಾಗುಣಿತವನ್ನೆಲ್ಲ ಅಳಿಸಿ 'ಕ-ಲ' ಎಂದು ಮಾತ್ರ ಬರೆದರೆ ಕಲೆಯೋ, ಕಾಲೋ, ಕೋಲೋ ಎಂದು ಊಹಿಸಬೇಕಾದಂತೆ.

ಈ ಎರಡು ಲೋಕಗಳು ಒಮ್ಮೆ ಒಂದೇ ನಾಣ್ಯದ ಮೇಲೆ ಸೇರಿದ್ದೂ ಉಂಟು. 12ನೇ ಶತಮಾನದ ರಾಜ ಮೂರನೇ ಮಿಯೆಷ್ಕೊವಿನ ಟಂಕಸಾಲೆಯಲ್ಲಿ ಯಹೂದಿ ಕುಶಲಕರ್ಮಿಗಳಿದ್ದರು. ಅವರು ಅಚ್ಚು ಹಾಕಿದ ಕೆಲವು ನಾಣ್ಯಗಳಲ್ಲಿ ಪೋಲೆಂಡಿನ ರಾಜನ ಹೆಸರು ಹೀಬ್ರೂ ಅಕ್ಷರಗಳಲ್ಲಿದೆ.

ಪದ ಕಟ್ಟುವ ಎರಡು ಬಗೆ

'ಧಾತು' ಎಂಬ ಪದವನ್ನು ವಿದ್ಯಾರ್ಥಿಗಳು ಎರಡು ತರಗತಿಗಳಲ್ಲಿ ಕೇಳುತ್ತಾರೆ. ರಸಾಯನಶಾಸ್ತ್ರದಲ್ಲಿ ಧಾತುಗಳು ಸೇರಿ ಸಂಯುಕ್ತಗಳಾಗುತ್ತವೆ. ವ್ಯಾಕರಣದಲ್ಲಿ ಧಾತುವಿಗೆ ಪ್ರತ್ಯಯ ಸೇರಿ ಕ್ರಿಯಾಪದವಾಗುತ್ತದೆ.

ಪೋಲಿಷ್‌ನಲ್ಲಿ ಧಾತುವಿನ ಮುಂದೆಯೂ ಹಿಂದೆಯೂ ತುಂಡುಗಳನ್ನು ಜೋಡಿಸುತ್ತ ಹೋಗುತ್ತಾರೆ. ಬರೆಯುವುದಕ್ಕೆ 'ಪಿಸಾಚ್' ಎಂಬ ಪದ. (ಕನ್ನಡದ ಪಿಶಾಚಿಗೂ ಇದಕ್ಕೂ ಸಂಬಂಧವಿಲ್ಲ!) ಅದರಿಂದ 'ಪೊತ್ಪಿಸ್', ಅಂದರೆ ಕೆಳಗೆ ಬರೆದದ್ದು: ಸಹಿ. 'ನಾಪಿಸ್' ಎಂದರೆ ಮೇಲೆ ಬರೆದದ್ದು: ಫಲಕದ ಬರಹ. 'ಒಪಿಸ್' ಎಂದರೆ ವರ್ಣನೆ, 'ಸ್ಪಿಸ್' ಎಂದರೆ ಪಟ್ಟಿ. ಸಂಸ್ಕೃತದ 'ಹಾರ'ಕ್ಕೆ ಉಪಸರ್ಗಗಳು ಸೇರಿ ಆಹಾರ, ವಿಹಾರ, ಪ್ರಹಾರ, ಸಂಹಾರಗಳಾಗುವುದನ್ನು ಬಲ್ಲವರಿಗೆ ಇದು ಹೊಸದೇನಲ್ಲ.

ಹೀಬ್ರೂವಿನಲ್ಲಿ ಬದಲಾವಣೆ ಧಾತುವಿನ ಹೊಟ್ಟೆಯೊಳಗೇ ನಡೆಯುತ್ತದೆ. ಸಾಮಾನ್ಯವಾಗಿ ಮೂರು ವ್ಯಂಜನಗಳು ಸ್ಥಿರ. ಅವುಗಳ ನಡುವಿನ ಸ್ವರಗಳು ಬದಲಾಗುತ್ತವೆ. ಕ-ತ-ವ ಬರೆಯುವುದರ ಧಾತು. 'ಕತಾವ್' ಬರೆದನು, 'ಕೊತೇವ್' ಬರೆಯುತ್ತಾನೆ, 'ಮಿಖ್ತಾವ್' ಕಾಗದ, 'ಕತಾವಾ' ಪತ್ರಿಕೆಯ ವರದಿ, 'ಹಖ್ತಾವಾ' ಉಕ್ತಲೇಖನ. ಉರ್ದು ಬಲ್ಲವರ 'ಕಿತಾಬ್' ಕೂಡ ಇದರ ಅರಬ್ಬಿ ಸೋದರ ಧಾತುವಿನಿಂದಲೇ ಹುಟ್ಟಿದ್ದು. ಅಸ್ಥಿಪಂಜರ ಒಂದೇ, ಮೈದುಂಬುವ ರೀತಿ ಬೇರೆ ಬೇರೆ ಎಂದು ಇದನ್ನು ನೆನಪಿಡಬಹುದು.

ವಿಭಕ್ತಿಯ ವಿಷಯದಲ್ಲಿ ಪೋಲಿಷ್ ಕನ್ನಡಕ್ಕೆ ಹತ್ತಿರ. ಅದರಲ್ಲಿ ಸಂಬೋಧನೆಯೂ ಸೇರಿ ಏಳು ವಿಭಕ್ತಿಗಳು. 'ವಾರ್ಷಾವಾ' ರಾಜಧಾನಿಯ ಹೆಸರು. ವಾರ್ಸಾದಲ್ಲಿ ಎನ್ನಲು 'ವ್ ವಾರ್ಷಾವ್ಯೆ', ವಾರ್ಸಾಕ್ಕೆ ಎನ್ನಲು 'ದೊ ವಾರ್ಷಾವಿ'. ಮೊದಲಿಗೆ ಒಂದು ಚಿಕ್ಕ ಪದ ಬರುವುದಲ್ಲದೆ ಹೆಸರಿನ ಬಾಲವೂ ಬದಲಾಗುತ್ತದೆ. ಹೀಬ್ರೂವಿನಲ್ಲಿ ಬಾಲಕ್ಕೆ ಕೈ ಹಚ್ಚುವುದಿಲ್ಲ, ಎಲ್ಲವೂ ತಲೆಗೆ. 'ಬೆಹೈಫಾ' ಹೈಫಾದಲ್ಲಿ, 'ಲೆಹೈಫಾ' ಹೈಫಾಕ್ಕೆ, 'ಮೆಹೈಫಾ' ಹೈಫಾದಿಂದ.

ಮೇಜು ಗಂಡೋ ಹೆಣ್ಣೋ?

ಕನ್ನಡದಲ್ಲಿ ಮೇಜು, ದೀಪ, ಕಿಟಕಿ ಎಲ್ಲವೂ ನಪುಂಸಕ. ಪೋಲಿಷ್‌ನಲ್ಲಿ ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಕಿಟಕಿ ನಪುಂಸಕಲಿಂಗ. ಹೀಬ್ರೂವಿನಲ್ಲಿ ನಪುಂಸಕವೇ ಇಲ್ಲ. ಮೇಜು, ಕಿಟಕಿಗಳು ಪುಲ್ಲಿಂಗವಾದರೆ ದೀಪ ಸ್ತ್ರೀಲಿಂಗ.

'ನಾನು ಬರೆದೆ' ಎಂದು ಕನ್ನಡದಲ್ಲಿ ಹುಡುಗನೂ ಹುಡುಗಿಯೂ ಒಂದೇ ರೀತಿ ಹೇಳುತ್ತಾರೆ. ಹೀಬ್ರೂವಿನಲ್ಲೂ ಭೂತಕಾಲದಲ್ಲಿ ಹಾಗೆಯೇ. ಪೋಲಿಷ್ ಹುಡುಗ 'ಪಿಸಾವೆಮ್' ಎಂದರೆ ಹುಡುಗಿ 'ಪಿಸಾವಾಮ್' ಎನ್ನಬೇಕು. ಆದರೆ ಹೀಬ್ರೂವಿನಲ್ಲಿ 'ನೀನು' ಎಂಬುದಕ್ಕೇ ಎರಡು ಪದಗಳು: ಹುಡುಗನಿಗೆ 'ಅತಾ', ಹುಡುಗಿಗೆ 'ಅತ್'.

ವಚನದಲ್ಲೂ ಚಮತ್ಕಾರವಿದೆ. ಹೀಬ್ರೂ 'ಶಾನಾ' ಎಂದರೆ ಒಂದು ವರ್ಷ, 'ಶ್ನಾತಾಯಿಮ್' ಎರಡು ವರ್ಷ, 'ಶಾನಿಮ್' ವರ್ಷಗಳು. ಸಂಸ್ಕೃತದ ದ್ವಿವಚನ ನೆನಪಾಗದೆ ಇರದು. ಚಕ್ರಕ್ಕೆ 'ಒಫಾನ್' ಎಂಬ ಹಳೆಯ ಪದವಿತ್ತು. ಅದಕ್ಕೆ ದ್ವಿವಚನದ ಪ್ರತ್ಯಯ ಸೇರಿಸಿ 'ಒಫನಾಯಿಮ್' ಎಂದರು. ಎರಡು ಚಕ್ರ, ಅಂದರೆ ಸೈಕಲ್! ಪೋಲಿಷ್‌ನಲ್ಲಿ ಒಂದು ವರ್ಷಕ್ಕೆ 'ರೊಕ್', ಎರಡು-ಮೂರು-ನಾಲ್ಕಕ್ಕೆ 'ಲಾತಾ', ಐದಕ್ಕೆ 'ಲಾತ್'. ಐದರ ಗಡಿ ದಾಟಿದೊಡನೆ ವಿಭಕ್ತಿಯೇ ಬದಲಾಗುತ್ತದೆ.

ಆಮ್ಲಜನಕದ ಕಥೆ

ಭಾಷೆಗೆ ನಿಜವಾದ ಪರೀಕ್ಷೆ ಎದುರಾಗುವುದು ಹೊಸ ಜ್ಞಾನ ಬಂದಾಗ. ಪೋಲೆಂಡ್ ಭೂಪಟದಿಂದ ಅಳಿಸಿಹೋದ ಐದೇ ವರ್ಷಕ್ಕೆ, 1800ರಲ್ಲಿ, ಯೆಂಜೆಯ್ ಶ್ನಿಯಾದೆತ್ಸ್ಕಿ ಎಂಬ ವಿಜ್ಞಾನಿ ವಿಲ್ನಾದಲ್ಲಿ ರಸಾಯನಶಾಸ್ತ್ರದ ಪಠ್ಯಪುಸ್ತಕವನ್ನು ಪೋಲಿಷ್‌ನಲ್ಲೇ ಪ್ರಕಟಿಸಿದರು. ಆಕ್ಸಿಜನ್ನಿಗೆ ಅವರು ಬಳಸಿದ ಪದ 'ಕ್ವಾಸೊರುತ್', ಅಂದರೆ ಆಮ್ಲವನ್ನು ಹುಟ್ಟಿಸುವಂಥದು. ಕನ್ನಡದ 'ಆಮ್ಲಜನಕ' ಇದರ ಪಡಿಯಚ್ಚು. ಹೀಬ್ರೂವಿನ 'ಹಮ್ತ್ಸಾನ್' ಕೂಡ ಹುಳಿ ಎಂಬ ಅರ್ಥದ ಪದದಿಂದಲೇ ಬಂದದ್ದು.

ಇವೆಲ್ಲಕ್ಕೂ ಮೂಲ ಫ್ರಾನ್ಸಿನ ಲಾವೋಸಿಯೆ. ಎಲ್ಲ ಆಮ್ಲಗಳಲ್ಲೂ ಆಕ್ಸಿಜನ್ ಇದ್ದೇ ಇರುತ್ತದೆ ಎಂದು ಅವನು ನಂಬಿದ್ದ. ಅದು ತಪ್ಪೆಂದು ನಂತರ ತಿಳಿಯಿತು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ. ಆಮ್ಲದ ಗುಣಕ್ಕೆ ಕಾರಣ ಹೈಡ್ರೋಜನ್ ಅಯಾನು. ಆದರೂ ಇಂಗ್ಲಿಷ್, ಹೀಬ್ರೂ, ಕನ್ನಡ ಮೂರರಲ್ಲೂ ಹಳೆಯ ಹೆಸರೇ ಉಳಿದಿದೆ. ಪೋಲಿಷ್ ಮಾತ್ರ ತಿದ್ದಿಕೊಂಡಿತು. 1851ರಲ್ಲಿ ಯಾನ್ ಒಚಾಪೋವ್ಸ್ಕಿ 'ತ್ಲೆನ್' ಎಂಬ ಪದವನ್ನು ಸೂಚಿಸಿದರು. ಕೆಂಡದ ಹಾಗೆ ಮೆಲ್ಲಗೆ ಉರಿಯುವುದು ಎಂಬ ಕ್ರಿಯಾಪದದಿಂದ ಬಂದ ಪದ ಅದು. ಉರಿಯಲು ನೆರವಾಗುವ ಅನಿಲಕ್ಕೆ ಒಪ್ಪುವ ಹೆಸರು.

ಉಳಿದ ಹೆಸರುಗಳನ್ನೂ ಹೋಲಿಸಿ ನೋಡಿ. ಹೈಡ್ರೋಜನ್ ಪೋಲಿಷ್‌ನಲ್ಲಿ 'ವೊದುರ್', ಹೀಬ್ರೂವಿನಲ್ಲಿ 'ಮೇಮಾನ್', ಕನ್ನಡದಲ್ಲಿ 'ಜಲಜನಕ': ಮೂರರಲ್ಲೂ ನೀರಿದೆ. ಕಾರ್ಬನ್ನಿಗೆ ಪೋಲಿಷರು ಕಲ್ಲಿದ್ದಲಿನ ಹೆಸರನ್ನೇ ಕೊಟ್ಟರು. ಹೀಬ್ರೂವಿನ 'ಪಹ್ಮಾನ್' ಇದ್ದಿಲಿನಿಂದ ಬಂದಿತು. ಕನ್ನಡ 'ಇಂಗಾಲ' ಎಂದಿತು. ನೈಟ್ರೋಜನ್ನಿಗೆ ಹೀಬ್ರೂವಿನಲ್ಲಿ 'ಹನ್ಕಾನ್', ಉಸಿರು ಕಟ್ಟಿಸುವಂಥದು.

ವಿದ್ಯುತ್ತಿನ ಹೆಸರಿನದು ಇನ್ನೂ ಸೊಗಸಾದ ಕಥೆ. ಬೈಬಲಿನ ಎಜೆಕಿಯೆಲನ ಗ್ರಂಥದಲ್ಲಿ ಹೊಳೆಯುವ ವಸ್ತುವೊಂದಕ್ಕೆ 'ಹಶ್ಮಾಲ್' ಎಂಬ ಪದವಿದೆ. ಹಿಂದಿನ ಕಾಲದ ಗ್ರೀಕ್ ಅನುವಾದಕರು ಅದನ್ನು 'ಎಲೆಕ್ಟ್ರಾನ್' ಎಂದು ಅನುವಾದಿಸಿದ್ದರು. ಆ ಗ್ರೀಕ್ ಪದಕ್ಕೆ ಶಿಲಾರಾಳ ಎಂಬ ಅರ್ಥವೂ ಇದೆ. ಶಿಲಾರಾಳವನ್ನು ಉಜ್ಜಿದಾಗ ಹುಟ್ಟುವ ಆಕರ್ಷಣೆಯಿಂದಲೇ 'ಎಲೆಕ್ಟ್ರಿಸಿಟಿ' ಎಂಬ ಪದ ಬಂದಿತು. ಹಾಗಾದರೆ ಹೀಬ್ರೂವಿನಲ್ಲಿ ವಿದ್ಯುತ್ತಿಗೆ 'ಹಶ್ಮಾಲ್' ಎನ್ನೋಣ ಎಂದು 19ನೇ ಶತಮಾನದ ಕವಿ ಯೆಹುದಾ ಲೈಬ್ ಗಾರ್ಡನ್ ಸೂಚಿಸಿದರು. ಇಂದು ಹೀಬ್ರೂ ಮಾತನಾಡುವವರ ಮನೆಗೆ ಬರುವ ಕರೆಂಟ್ ಬಿಲ್ಲಿನಲ್ಲಿ ಇರುವುದು ಅದೇ ಪದ. ಶಿಲಾರಾಳಕ್ಕೆ ಪ್ರಸಿದ್ಧವಾದ ಬಾಲ್ಟಿಕ್ ತೀರದ ಪೋಲೆಂಡಾದರೋ ಗ್ರೀಕ್ ಮೂಲದ ಪದವನ್ನೇ ತನ್ನ ಪ್ರತ್ಯಯ ಹಚ್ಚಿ ಉಳಿಸಿಕೊಂಡಿತು. ಕನ್ನಡವು ಮಿಂಚಿನ ಹೆಸರನ್ನು ಆರಿಸಿಕೊಂಡಿತು. ಹೊಸ ಪದ ಕಟ್ಟುವುದು, ಹಳೆಯ ಪದಕ್ಕೆ ಹೊಸ ಅರ್ಥ ಕೊಡುವುದು, ಪರಭಾಷೆಯಿಂದ ಎರವಲು ತರುವುದು, ಈ ಮೂರೂ ನ್ಯಾಯವಾದ ದಾರಿಗಳೇ.

ಹೊಸ್ತಿಲಿನ ಆಚೆ ಈಚೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ರಷ್ಯಾದ ವಿರುದ್ಧ 1863ರಲ್ಲಿ ನಡೆದ ದಂಗೆ ವಿಫಲವಾದ ಮೇಲೆ ವಾರ್ಸಾದ ಶಾಲೆಗಳಲ್ಲಿ ಪೋಲಿಷ್ ಜಾಗಕ್ಕೆ ರಷ್ಯನ್ ಬಂದಿತು. 1867ರಲ್ಲಿ ಹುಟ್ಟಿದ ಮಾರಿಯಾ ಸ್ಕ್ಲೊದೊವ್‌ಸ್ಕಾ, ಅಂದರೆ ಮುಂದಿನ ಮೇರಿ ಕ್ಯೂರಿ, ಓದಿದ ಶಾಲೆಯಲ್ಲಿ ಪೋಲೆಂಡಿನ ಇತಿಹಾಸವನ್ನು ಗುಟ್ಟಾಗಿ ಪೋಲಿಷ್‌ನಲ್ಲೇ ಕಲಿಸುತ್ತಿದ್ದರು. ತನಿಖಾಧಿಕಾರಿ ಬಂದರೆ ಗಂಟೆಯ ಸಂಕೇತ, ಪುಸ್ತಕಗಳು ಮರೆಗೆ. ಅಧಿಕಾರಿಯ ಎದುರು ಎದ್ದು ನಿಂತು ರಷ್ಯಾದ ಚಕ್ರವರ್ತಿಗಳ ಹೆಸರನ್ನು ಒಪ್ಪಿಸುವ ಸರದಿ ಪುಟ್ಟ ಮಾರಿಯಾಳದೇ. ಬೆಳೆದ ಮೇಲೆ ಅವರು, ಅವರ ಅಕ್ಕ ಬ್ರೋನ್ಯಾ ಇಬ್ಬರೂ 'ಹಾರುವ ವಿಶ್ವವಿದ್ಯಾಲಯ'ದಲ್ಲಿ ಕಲಿತರು. ಪೊಲೀಸರ ಕಣ್ಣಿಗೆ ಬೀಳದಂತೆ ಮನೆಯಿಂದ ಮನೆಗೆ ಜಾಗ ಬದಲಿಸುತ್ತ ನಡೆದ ತರಗತಿಗಳವು.

ಪ್ರಷ್ಯಾದ ಆಡಳಿತವಿದ್ದ ಭಾಗದಲ್ಲಿ ಜರ್ಮನ್ ಹೇರಿಕೆ. 1901ರಲ್ಲಿ ವ್ಜೆಶ್ನ್ಯಾ ಎಂಬ ಊರಿನ ಶಾಲೆಯಲ್ಲಿ ಧರ್ಮಪಾಠವನ್ನೂ ಜರ್ಮನ್‌ನಲ್ಲಿ ಒಪ್ಪಿಸಬೇಕೆಂದಾಗ ಮಕ್ಕಳು ಬಾಯಿ ಬಿಡಲಿಲ್ಲ. ಏಟು ತಿಂದರು. ಪ್ರತಿಭಟಿಸಿದ ಪೋಷಕರ ಮೇಲೆ ಮೊಕದ್ದಮೆ ಹೂಡಿ ಹಲವರನ್ನು ಸೆರೆಮನೆಗೆ ಕಳಿಸಿದರು. 1918ರಲ್ಲಿ ಪೋಲೆಂಡ್ ಮತ್ತೆ ಸ್ವತಂತ್ರವಾದಾಗ ಪೋಲಿಷ್ ಬಾಡಿರಲಿಲ್ಲ. 123 ವರ್ಷ ಅದನ್ನು ಕಾಪಾಡಿದವರಲ್ಲಿ ಹೆಸರಿಲ್ಲದ ತಾಯಂದಿರೇ ಹೆಚ್ಚು.

ಹೀಬ್ರೂವಿನ ಪಯಣ ಎದುರು ದಿಕ್ಕಿನದು. ಇಂದಿನ ಬೆಲಾರುಸ್‌ನಲ್ಲಿರುವ ಲುಜ್ಕಿಯಲ್ಲಿ 1858ರಲ್ಲಿ ಹುಟ್ಟಿದ ಎಲಿಯೆಜರ್ ಬೆನ್-ಯೆಹುದಾ 1881ರಲ್ಲಿ ಜೆರುಸಲೇಮಿಗೆ ಬಂದರು. ಮರುವರ್ಷ ಹುಟ್ಟಿದ ಮಗನ ಕಿವಿಗೆ ಹೀಬ್ರೂ ಬಿಟ್ಟು ಬೇರೆ ಭಾಷೆ ಬೀಳಬಾರದೆಂದು ಹಠ ಹಿಡಿದರು. ಮಗುವಿನ ಜೊತೆ ಆ ಭಾಷೆಯಲ್ಲಿ ಆಡಲು ಓರಗೆಯವರೇ ಇರಲಿಲ್ಲ. ನಿಘಂಟಿಗೇ ಹೀಬ್ರೂವಿನಲ್ಲಿ ಒಂಟಿ ಪದವಿರಲಿಲ್ಲ. 'ಮಿಲಾ' ಎಂದರೆ ಪದ, ಅದರಿಂದ 'ಮಿಲೊನ್' ಎಂದು ಅವರೇ ಕಟ್ಟಿದರು.

ಆದರೆ ಒಂದು ಮನೆಯಿಂದ ಭಾಷೆ ಬದುಕದು. ಬದುಕಿಸಿದ್ದು ಶಾಲೆ. ಹೀಬ್ರೂವಿನಲ್ಲಿ ಶಾಲೆಗೆ 'ಬೇತ್ ಸೆಫೆರ್', ಪುಸ್ತಕದ ಮನೆ, ಎಂಬ ಹೆಸರು. 1886ರಲ್ಲಿ ರಿಷೊನ್ ಲೆತ್ಸಿಯೊನ್‌ನಲ್ಲಿ ಆರಂಭವಾದ ಶಾಲೆಯಲ್ಲಿ ಎಲ್ಲ ವಿಷಯಗಳನ್ನೂ ಹೀಬ್ರೂವಿನಲ್ಲಿ ಕಲಿಸಲು ತೊಡಗಿದರು. ಮಕ್ಕಳು ಶಾಲೆಯಿಂದ ಪದಗಳನ್ನು ಮನೆಗೆ ಒಯ್ದರು. ತಾಯಿ ಮಗುವಿಂದ ಕಲಿತಳು. 1913ರಲ್ಲಿ ಹೈಫಾದ ತಾಂತ್ರಿಕ ವಿದ್ಯಾಲಯದಲ್ಲಿ ವಿಜ್ಞಾನವನ್ನು ಜರ್ಮನ್‌ನಲ್ಲಿ ಕಲಿಸಬೇಕೆಂಬ ತೀರ್ಮಾನವಾದಾಗ ಶಿಕ್ಷಕರೂ ವಿದ್ಯಾರ್ಥಿಗಳೂ ಮುಷ್ಕರ ಹೂಡಿದರು. ಹೀಬ್ರೂವಿನಲ್ಲಿ ಪಾಠ್ಯಪದಗಳೇ ಇಲ್ಲವೆಂಬುದು ಎದುರಾಳಿಗಳ ವಾದ. ಕಲಿಸದೆ ಪದಗಳು ಹುಟ್ಟುವುದೆಂತು ಎಂಬುದು ಶಿಕ್ಷಕರ ಉತ್ತರ. 1924ರಲ್ಲಿ ಅಲ್ಲಿ ತರಗತಿಗಳು ಆರಂಭವಾದದ್ದು ಹೀಬ್ರೂವಿನಲ್ಲೇ. ಈ ಗೆಲುವಿಗೆ ಬೆಲೆಯೂ ತೆರಬೇಕಾಯಿತು. ಯಹೂದಿ ಮನೆಗಳ ಯಿಡ್ಡಿಷ್, ಲಾದಿನೊ ಮುಂತಾದ ಮಾತುಗಳು ಬದಿಗೆ ಸರಿದವು.

ಒಂದೇ ನೆಲದ ಎರಡು ನುಡಿ

ಈ ಎರಡು ಭಾಷೆಗಳು ಶತಮಾನಗಳ ಕಾಲ ಪೋಲೆಂಡಿನ ನೆಲದಲ್ಲೇ ಜೊತೆಗಿದ್ದವು. ಅಲ್ಲಿನ ಯಹೂದಿಗಳಲ್ಲಿ ಬಹುಪಾಲು ಜನರ ಮನೆಮಾತು ಯಿಡ್ಡಿಷ್, ಪ್ರಾರ್ಥನೆಗೆ ಹೀಬ್ರೂ, ಸಂತೆಗೆ ಪೋಲಿಷ್. ಹೀಬ್ರೂವಿನಲ್ಲಿ ಯುವಕ ಎಂಬ ಅರ್ಥದ 'ಬಾಹೂರ್' ಪೋಲಿಷ್‌ಗೆ ಹೋಗಿ 'ಬಾಖೊರ್', ಅಂದರೆ ತುಂಟ ಪೋರ ಆಯಿತು. ಸ್ಲಾವ್ ಭಾಷೆಗಳ 'ನಿಕ್' ಪ್ರತ್ಯಯ ಹೀಬ್ರೂವಿಗೆ ಬಂದು 'ಕಿಬ್ಬುತ್ಸ್‌ನಿಕ್' ಆಯಿತು. ಎರಡು ಮಹಾಯುದ್ಧಗಳ ನಡುವೆ 'ತರ್ಬುತ್' ಎಂಬ ಶಾಲೆಗಳ ಜಾಲದಲ್ಲಿ ಹತ್ತಾರು ಸಾವಿರ ಪೋಲಿಷ್ ಯಹೂದಿ ಮಕ್ಕಳು ಹೀಬ್ರೂವಿನಲ್ಲಿ ಓದುತ್ತಿದ್ದರು.

1939ರಲ್ಲಿ ನಾಜಿಗಳು ಪೋಲೆಂಡನ್ನು ಆಕ್ರಮಿಸಿದರು. ಪೋಲಿಷ್ ಮಕ್ಕಳಿಗೆ ಪ್ರೌಢಶಾಲೆ, ಕಾಲೇಜುಗಳ ಬಾಗಿಲು ಮುಚ್ಚಿತು. ಶಿಕ್ಷಕರು ಜೀವ ಒತ್ತೆಯಿಟ್ಟು ಗುಟ್ಟಾಗಿ ಪಾಠ ಹೇಳಿದರು. ದೇಶದಲ್ಲಿದ್ದ ಸುಮಾರು 33 ಲಕ್ಷ ಯಹೂದಿಗಳಲ್ಲಿ ಸುಮಾರು 30 ಲಕ್ಷ ಮಂದಿಯನ್ನು ಕೊಂದರು. ತರ್ಬುತ್ ಶಾಲೆಗಳ ಬಹುತೇಕ ಮಕ್ಕಳು ದೊಡ್ಡವರಾಗಲೇ ಇಲ್ಲ. ಭಾಷೆಗಳ ಕಥೆ ಹೇಳುವಾಗ ಇದನ್ನು ಬಿಟ್ಟು ಮುಂದೆ ಹೋಗಲಾಗದು. 2013ರಲ್ಲಿ ವಾರ್ಸಾದಲ್ಲಿ ತೆರೆದ, ಪೋಲೆಂಡಿನ ಯಹೂದಿಗಳ ಇತಿಹಾಸ ಹೇಳುವ ವಸ್ತುಸಂಗ್ರಹಾಲಯದ ಹೆಸರು 'ಪೋಲಿನ್'. ಅದು ಪೋಲೆಂಡಿಗೆ ಹೀಬ್ರೂವಿನಲ್ಲಿರುವ ಹೆಸರು. 'ಪೊ ಲಿನ್', ಅಂದರೆ ಇಲ್ಲೇ ತಂಗು, ಎಂಬ ದನಿ ಕೇಳಿ ಹಿಂದಿನವರು ಇಲ್ಲಿ ನೆಲೆನಿಂತರೆಂಬ ಐತಿಹ್ಯ ಆ ಹೆಸರಿನ ಹಿಂದಿದೆ.

ಇಂದು ಪೋಲಿಷ್ ಆಡುವವರು ಸುಮಾರು 4 ಕೋಟಿ, ಹೀಬ್ರೂ ಆಡುವವರು ಸುಮಾರು 90 ಲಕ್ಷ. ಕನ್ನಡವನ್ನು ತಾಯ್ನುಡಿ ಎಂದವರು 2011ರ ಜನಗಣತಿಯಂತೆ 4.37 ಕೋಟಿ. ಆ ಎರಡು ದೇಶಗಳ ಮಕ್ಕಳು ಇಂಗ್ಲಿಷನ್ನೂ ಕಲಿಯುತ್ತಾರೆ, ಅಲ್ಲಿನ ವಿಜ್ಞಾನಿಗಳು ಸಂಶೋಧನಾ ಲೇಖನಗಳನ್ನು ಹೆಚ್ಚಾಗಿ ಇಂಗ್ಲಿಷಿನಲ್ಲೇ ಬರೆಯುತ್ತಾರೆ. ಆದರೆ ಆಮ್ಲಜನಕವೆಂದರೇನೆಂದು ಮಗು ಮೊದಲು ಕೇಳುವುದು ಮನೆಯ ನುಡಿಯಲ್ಲಿ. ಮನೆ ಕೈಬಿಟ್ಟರೆ ಶಾಲೆ, ಶಾಲೆ ಕೈಬಿಟ್ಟರೆ ಮನೆ ಭಾಷೆಯನ್ನು ಸ್ವಲ್ಪ ಕಾಲ ಹೊತ್ತು ನಡೆಸಬಹುದು. ಎರಡೂ ಒಟ್ಟಿಗೆ ಕೈಬಿಟ್ಟರೆ ನಿಘಂಟೊಂದೇ ಉಳಿಯುತ್ತದೆ.

ಮಾಡಿ ನೋಡಿ

1. ಆವರ್ತ ಕೋಷ್ಟಕದ ಮೊದಲ 30 ಧಾತುಗಳಲ್ಲಿ ಕನ್ನಡದ ಹೆಸರಿರುವವು ಎಷ್ಟು? ಜಲಜನಕದಂತೆ ಗುಣ ಹೇಳುವ ಹೆಸರುಗಳಾವುವು? ಕಬ್ಬಿಣ, ತಾಮ್ರಗಳಂತೆ ರಸಾಯನಶಾಸ್ತ್ರಕ್ಕಿಂತ ಮೊದಲೇ ಇದ್ದವು ಯಾವುವು?

2. 'ಹಾರ'ದಂತೆ 'ಕಾರ' ಎಂಬುದಕ್ಕೂ ಉಪಸರ್ಗ ಸೇರಿಸಿ ಎಷ್ಟು ಪದಗಳಾಗುತ್ತವೆ ಎಂದು ಪಟ್ಟಿ ಮಾಡಿ.

3. ಪೋಷಕರಿಗೆ: ಈ ವಾರ ಶಾಲೆಯಲ್ಲಿ ಕಲಿತ ಒಂದು ವಿಜ್ಞಾನ ಪಾಠವನ್ನು ಅಜ್ಜಿಗೆ ಅರ್ಥವಾಗುವಂತೆ ಹೇಳಲು ಮಗುವಿಗೆ ತಿಳಿಸಿ. ಪದ ಸಿಗದೆ ಮಗು ತಡವರಿಸಿದರೆ ನೀವೇ ಹೇಳಿಕೊಡಬೇಡಿ, ಸ್ವಲ್ಪ ಕಾಯಿರಿ. ಅಜ್ಜಿಯೇ ಒಂದು ಪದ ಹೇಳಿಯಾರು.